ಹರಾಜಿಗೆ ಬಂದ ಕ್ಯಾಮೆರಾ

ಆ ಹೋಟೆಲಿನ ನೆಲಮಾಳಿಗೆಗೆ ಕಿಟಕಿಯೇ ಇರಲಿಲ್ಲ. ಮೇಲಿನ ಕೋಣೆಗಳಿಂದ ಇಳಿದುಬಂದ ಹಾಸು, ಹೊದಿಕೆ, ದಿಂಬಿನ ಚೀಲಗಳು ಒಂದು ಮೂಲೆಯಲ್ಲಿ ಗುಡ್ಡೆ ಬಿದ್ದಿರುತ್ತಿದ್ದವು. ಇನ್ನೊಂದು ಮೂಲೆಯಲ್ಲಿ ಒಗೆಯುವ ಯಂತ್ರಗಳು ಹೊಟ್ಟೆ ಕೆಟ್ಟವರ ಹಾಗೆ ಗುಡುಗುಡು ಅನ್ನುತ್ತಿದ್ದವು. ನಡುವೆ ಉದ್ದಕ್ಕೆ ಮಲಗಿದ್ದ ಇಸ್ತ್ರಿ ಯಂತ್ರ, ಎರಡು ಬಿಸಿ ಉರುಳೆಗಳ ನಡುವೆ ಬಟ್ಟೆಯನ್ನು ಎಳೆದುಕೊಂಡು ಆಚೆ ಬದಿಯಿಂದ ಕಾಗದದಂತೆ ನೆಟ್ಟಗೆ ಮಾಡಿ ಉಗುಳುತ್ತಿತ್ತು. ಆ ಯಂತ್ರದ ಬಾಯಿಗೆ ಬಟ್ಟೆ ಕೊಡುವ ಕೆಲಸ ಅವಳದು. ಜೊತೆಯವರು ಅವಳನ್ನು ಇಸ್ತ್ರಿಯಕ್ಕ ಎಂದೇ ಕರೆಯುತ್ತಿದ್ದರು. ಒಂದು ಕಾಲದಲ್ಲಿ ಅವಳು ನಗುನಗುತ್ತ, "ನನ್ನ ಮುಖದ ಸುಕ್ಕೊಂದು ಬಿಟ್ಟು ಈ ಲೋಕದಲ್ಲಿ ಏನು ಬೇಕಾದ್ರೂ ನೆಟ್ಟಗೆ ಮಾಡ್ತೀನಿ ಕಣ್ರೇ" ಅನ್ನುತ್ತಿದ್ದಳು. ಅದು ಮಗ ಇದ್ದಾಗಿನ ಮಾತು.

ಮಗನಿಗೆ ಮನೆಯಲ್ಲಿ ಮೌನಿ ಎಂದು ಅಡ್ಡಹೆಸರು. ಕೇಳಿದರೆ ಹೂಂ, ಕೇಳದಿದ್ದರೆ ಅದೂ ಇಲ್ಲ. ಸಾಮಾನಿನ ಗೋದಾಮೊಂದರಲ್ಲಿ ಪೆಟ್ಟಿಗೆ ಜೋಡಿಸುವ ಕೆಲಸಕ್ಕೆ ಸೇರಿ, ಸಂಬಳ ಕೂಡಿಟ್ಟು, ಯಾರೋ ಬಳಸಿ ಬಿಟ್ಟಿದ್ದ ಒಂದು ಕ್ಯಾಮೆರಾ ತಂದ. ಆಮೇಲೆ ರಜೆ ಬಂತೆಂದರೆ ಅವನ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಬೀದಿಯಲ್ಲಿ ಬೂಟು ಹೊಲಿಯುವವನ ಬೆರಳು, ಬಸ್ಸಿನ ಕಂಬಿ ಹಿಡಿದು ನಿಂತೇ ನಿದ್ದೆ ಹೋದ ಹೆಂಗಸು, ಏಣಿಯ ಮೇಲೆ ನಿಂತು ಗೋಡೆಗೆ ಬಣ್ಣ ಬಳಿಯುವ ಅಪ್ಪ, ಎಲ್ಲರೂ ಅವನಿಗೆ ಬೇಕು. ಒಂದು ದಿನ ಮೇಲ್ವಿಚಾರಕನನ್ನು ಕಾಡಿ ಬೇಡಿ ನೆಲಮಾಳಿಗೆಗೂ ಇಳಿದು ಬಂದಿದ್ದ. ಹಬೆಯ ನಡುವೆ ಬೆವರುತ್ತ ನಿಂತ ಅಮ್ಮನ ಫೋಟೋ ತೆಗೆದಿದ್ದ. "ತೋರಿಸೋ" ಎಂದರೆ "ಇನ್ನೂ ಕಲೀತಿದೀನಿ, ಆಮೇಲೆ" ಎಂದು ಕ್ಯಾಮೆರಾ ಮುಚ್ಚಿಕೊಂಡಿದ್ದ. ತೆಗೆದದ್ದೆಲ್ಲ ಅದರ ಹೊಟ್ಟೆಯೊಳಗಿನ ಪುಟ್ಟ ಕಾರ್ಡಿನಲ್ಲೇ ಉಳಿಯಿತು. ಕುತ್ತಿಗೆಗೆ ಹಾಕಿಕೊಳ್ಳುವ ಪಟ್ಟಿ ಹರಿದಾಗ ಅಮ್ಮನೇ ಹೋಟೆಲಿನ ಹಳೆಯ ದಿಂಬಿನ ಚೀಲದ ನೀಲಿ ಅಂಚನ್ನು ಕತ್ತರಿಸಿ ತಂದು, ಮಡಿಚಿ, ಒತ್ತಾಗಿ ಕೈಹೊಲಿಗೆ ಹಾಕಿ ಕೊಟ್ಟಿದ್ದಳು.

ಮಾಮೂಲಿ ಜ್ವರ ಎಂದು ಮಲಗಿದವನು ಆಸ್ಪತ್ರೆ ಸೇರುವ ಹೊತ್ತಿಗೆ ಅಮ್ಮನ ಗುರುತನ್ನೂ ಹಿಡಿಯಲಿಲ್ಲ. ಜ್ವರ ಮಿದುಳಿಗೆ ಏರಿದೆ ಎಂದರು. ವಾರ ಕಳೆಯುವುದರೊಳಗೆ ಮುಗಿದುಹೋಯಿತು.

ಕ್ಯಾಮೆರಾ ಬಾಗಿಲ ಹಿಂದಿನ ಮೊಳೆಗೆ ತೂಗುಬಿದ್ದಿತ್ತು. ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಒಂದು ಸಂಜೆ ಕೆಲಸದಿಂದ ಬಂದು ಬಾಗಿಲು ಹಾಕಿಕೊಂಡ ಇಸ್ತ್ರಿಯಕ್ಕನ ಕಣ್ಣಿಗೆ ಬರೀ ಮೊಳೆ ಬಿತ್ತು.

"ಕ್ಯಾಮೆರಾ ಎಲ್ರೀ?"

ಗಂಡ ಕೈಗಂಟಿದ ಬಣ್ಣವನ್ನು ಸೀಮೆಎಣ್ಣೆಯ ಬಟ್ಟೆಯಿಂದ ತಿಕ್ಕುತ್ತಲೇ ಇದ್ದ. "ಕೊಟ್ಟುಬಿಟ್ಟೆ."

"ಯಾರಿಗೆ?"

"ಹಳೇ ಸಾಮಾನಿನ ಅಂಗಡಿಯೋನಿಗೆ. ಬಾಗಿಲು ಹಾಕಿದಾಗೆಲ್ಲ ಅದು ಕಾಣ್ಸೋದು. ನನ್ನ ಕೈಲಿ ಆಗ್ಲಿಲ್ಲ ಕಣೇ."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೇ ಚೆನ್ನಾಗಿತ್ತೋ ಏನೋ. ಹಾಕಿದ್ದ ಚಪ್ಪಲಿಯಲ್ಲೇ ಆ ಅಂಗಡಿಗೆ ಓಡಿದಳು. ಅಂಗಡಿಯವನು ಪಾಪ, ಒಳ್ಳೆಯವನೇ. "ಬೇರೆ ಊರಿನ ಡೀಲರ್ ಬಂದಿದ್ರಮ್ಮ, ಇದ್ದಬದ್ದ ಕ್ಯಾಮೆರಾ ಎಲ್ಲಾ ಒಟ್ಟಿಗೆ ಚೀಲಕ್ಕೆ ತುಂಬ್ಕೊಂಡು ಹೋದ್ರು" ಎಂದ. ಡೀಲರನ ಹೆಸರು, ನಂಬರು ಯಾವುದೂ ಅವನ ಬಳಿ ಇರಲಿಲ್ಲ. ಅಂದಿನಿಂದ ಗಂಡ ಹೆಂಡಿರ ನಡುವಿನ ಮಾತು ಉಪ್ಪು ಎಲ್ಲಿ, ಬೀಗದ ಕೈ ಎಲ್ಲಿ ಎನ್ನುವಷ್ಟಕ್ಕೆ ಇಳಿಯಿತು.

ಮಗಳು ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಮಾತಿನಲ್ಲಿ ಅಣ್ಣನ ಪಾಲನ್ನೂ ಸೇರಿಸಿ ಹೊತ್ತು ಬಂದವಳು, ಲೆಕ್ಕಾಚಾರದ ಹುಡುಗಿ. "ಅಮ್ಮ, ಇಂಥ ಡೀಲರ್‌ಗಳು ಈಗ ಅಂಗಡಿ ಇಟ್ಕೊಂಡು ಕೂರಲ್ಲ. ಎಲ್ಲಾ ಆನ್‌ಲೈನ್ ಹರಾಜಿಗೆ ಹಾಕ್ತಾರೆ. ನಾನು ಒಂದು ಕಣ್ಣಿಟ್ಟಿರ್ತೀನಿ" ಎಂದಳು. ಅಮ್ಮನನ್ನು ಸಮಾಧಾನ ಮಾಡಲು ಆಡಿದ ಮಾತದು. ಆದರೆ ಗಿರಾಕಿ ಇಲ್ಲದ ಹೊತ್ತಿನಲ್ಲೆಲ್ಲ ನಿಜಕ್ಕೂ ಹುಡುಕುತ್ತಿದ್ದಳು. ಒಂದು ಮಧ್ಯಾಹ್ನ ನೆಲಮಾಳಿಗೆಯ ಇಸ್ತ್ರಿಯಕ್ಕನ ಫೋನಿಗೆ ಒಂದು ಚಿತ್ರ ಬಂತು. ಕಪ್ಪು ಕ್ಯಾಮೆರಾ. ಅದರ ಪಕ್ಕದಲ್ಲಿ ಹಾವಿನಂತೆ ಸುತ್ತಿಟ್ಟ ಪಟ್ಟಿ, ಪಟ್ಟಿಯ ಮೇಲೆ ನೀಲಿ ಅಂಚು, ಅಂಚಿನ ಮೇಲೆ ಅವಳದೇ ಹೊಲಿಗೆ.

ಯಂತ್ರ ಎಳೆದುಕೊಳ್ಳುತ್ತಿದ್ದ ಹಾಸು ಓರೆಯಾಗಿ ಸಿಕ್ಕಿಕೊಂಡು ಸುಟ್ಟ ವಾಸನೆ ಹೊಡೆಯಿತು. ಮೇಲ್ವಿಚಾರಕ ಕೂಗಿಕೊಂಡ. ಅವಳಿಗೆ ಕೇಳಿಸಲಿಲ್ಲ.

ಸಂಜೆ ಮಗಳು ಅಡುಗೆಮನೆಯ ಮೇಜಿನ ಮುಂದೆ ಅಮ್ಮನನ್ನು ಕೂರಿಸಿಕೊಂಡು ಪಾಠ ಹೇಳಿದಳು.

"ನೋಡು, ಮಾರೋರ ಹೆಸರಿನ ಪಕ್ಕ ಈ ನಕ್ಷತ್ರ ಇದೆಯಲ್ಲ, ಇದು ಹಿಂದೆ ತಗೊಂಡೋರು ಕೊಟ್ಟಿದ್ದು. ಈ ಡೀಲರ್ ಸಾಚಾನೇ ಅನ್ಸುತ್ತೆ. ನಾವು ಎಷ್ಟರ ತನಕ ಹೋಗ್ಬೋದು ಅಂತ ಈಗ್ಲೇ ತೀರ್ಮಾನ ಮಾಡ್ಬೇಕು. ಆವೇಶದಲ್ಲಿ ಕೂಗ್ಬಾರ್ದು. ಗೆದ್ರೆ ದುಡ್ಡು ಈ ಸೈಟ್ ಒಳಗೇ ಕಟ್ಬೇಕು. ಸಾಮಾನು ಕೈಗೆ ಬರೋ ತನಕ ಅವರು ಮಾರೋನಿಗೆ ಕೊಡಲ್ಲ. ಹೊರಗಡೆ ಯಾರೇ ಕೇಳಿದ್ರೂ ಒಂದು ಕಾಸು ಕೊಡ್ಬಾರ್ದು. ತಿಳೀತಾ?"

"ಅವನಿಗೆ ಫೋನ್ ಮಾಡಿ ಹೇಳಿದ್ರೆ ಆಗಲ್ವೇನೇ? ಇದು ನನ್ನ ಮಗಂದು ಅಂತ?"

"ಬರೆದು ಕೇಳಿದೆ. ಹರಾಜು ನಡೀತಿದೆ, ಕೂಗಿ ತಗೊಳ್ಳಿ ಅಂದ. ಅವನಿಗೆ ಅದು ವ್ಯಾಪಾರ ಅಲ್ವಾ."

ಮಗಳು ಹೇಳಿದ್ದೆಲ್ಲ ಸರಿ. ಆದರೆ ಅವಳು ಮಲಗಲು ಹೋದ ಮೇಲೂ ಇಸ್ತ್ರಿಯಕ್ಕ ಆ ಚಿತ್ರವನ್ನೇ ನೋಡುತ್ತ ಕೂತಳು. ಚಿತ್ರದ ಕೆಳಗೆ 'ಪ್ರಶ್ನೆ ಕೇಳಿ' ಎಂಬ ಖಾಲಿ ಜಾಗವಿತ್ತು. ಅಲ್ಲಿ ಬರೆದದ್ದನ್ನು ಯಾರು ಬೇಕಾದರೂ ಓದಬಹುದು ಎಂಬುದು ಅವಳಿಗೆ ಹೊಳೆಯಲಿಲ್ಲ. ಒಂದೊಂದೇ ಅಕ್ಷರ ಒತ್ತಿ ಬರೆದಳು: ಇದು ತೀರಿಹೋದ ನನ್ನ ಮಗನ ಕ್ಯಾಮೆರಾ. ಅವನು ಮಾತಾಡುತ್ತಿರಲಿಲ್ಲ, ಫೋಟೋದಲ್ಲೇ ಮಾತಾಡುತ್ತಿದ್ದ. ಆ ಪಟ್ಟಿ ಹೊಲಿದವಳು ನಾನು. ದಯವಿಟ್ಟು ನನಗೇ ಕೊಡಿ. ಕೆಳಗೆ ತನ್ನ ಫೋನ್ ನಂಬರನ್ನೂ ಹಾಕಿದಳು.

ಮಾರನೆಯ ದಿನ ಮಗಳು ಅದನ್ನು ನೋಡಿ ತಲೆ ಚಚ್ಚಿಕೊಂಡಳು. "ಅಮ್ಮಾ! ಊರಿಗೆಲ್ಲ ನಂಬರ್ ಹಂಚಿದಂಗೆ ಆಯ್ತಲ್ಲ!" ಅಳಿಸಲು ಹೋದರೆ ಸೈಟಿನವರೇ ಅಷ್ಟರಲ್ಲಿ ಅಳಿಸಿದ್ದರು. ನಂಬರು ಹಾಕುವಂತಿಲ್ಲ ಎಂಬುದು ಅವರದೇ ನಿಯಮ. ಆದರೆ ನೋಡುವವರು ನೋಡಿಯಾಗಿತ್ತು.

ಹರಾಜು ಮುಗಿಯುವ ಹೊತ್ತು ಇಸ್ತ್ರಿಯಕ್ಕನ ಊಟದ ವಿರಾಮದಲ್ಲೇ ಬಿತ್ತು. ಬಟ್ಟೆ ಗಾಡಿಗಳ ಹಿಂದೆ, ಒದ್ದೆ ನೆಲದ ಮೇಲೆ ಬಕೆಟು ಬೋರಲು ಹಾಕಿ ಕೂತು, ಡಬ್ಬಿ ತೆರೆಯದೆ ಫೋನು ಹಿಡಿದಿದ್ದಳು. ಆಚೆ ಔಷಧಿ ಅಂಗಡಿಯಿಂದ ಮಗಳು ಬೆಲೆ ಏರಿಸುತ್ತಿದ್ದಳು. ಕೊನೆಯ ಗಳಿಗೆಯ ತನಕ ಅವರದೇ ಮೇಲುಗೈ. ಇನ್ನೇನು ಮುಗಿಯಿತು ಅನ್ನುವಾಗ ಪರದೆ ಒಮ್ಮೆ ಮಿಟುಕಿತು. ಯಾರೋ ಅವರ ಮೇಲೆ ಚೂರೇ ಚೂರು ಏರಿಸಿದ್ದರು. ಮಗಳು ಬೆರಳಾಡಿಸುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. 'ಹರಾಜು ಮುಗಿದಿದೆ. ನೀವು ಗೆದ್ದಿಲ್ಲ.'

"ಇನ್ನೂ ಏರಿಸ್ಬೇಕಿತ್ತು" ಎಂದು ಮಗಳು ಸಂಜೆ ಮನೆಗೆ ಬಂದು ಬಿಕ್ಕಿದಳು. "ನಾನೇ ಜಿಪುಣಿ ಆಗ್ಬಿಟ್ಟೆ ಅಮ್ಮ."

"ಅಳ್ಬೇಡ ಬಿಡು, ಹೋಗ್ಲಿ" ಎಂದಳು ಅಮ್ಮ. ಗಂಡ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಎಲ್ಲ ಕೇಳಿಸಿಕೊಂಡಿರಬೇಕು. ಎದ್ದು ಬರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಬಸ್ಸಿನಲ್ಲಿದ್ದಾಗ ಹೊಸ ನಂಬರಿನಿಂದ ಒಂದು ಸಂದೇಶ ಬಂತು.

"ನಮಸ್ಕಾರ ಅಮ್ಮಾ. ಕ್ಯಾಮೆರಾ ಹರಾಜಿಗೆ ಹಾಕಿದೋನು ನಾನೇ. ಗೆದ್ದೋರು ದುಡ್ಡು ಕಟ್ಟದೆ ಕೈಕೊಟ್ರು. ಅವರ ನಂತರ ನೀವೇ ಇದ್ದಿದ್ದು. ನೀವು ಬರೆದಿದ್ದು ಓದಿದೆ. ನಂಗೂ ತಾಯಿ ಇದಾರೆ. ಬೇರೆ ಯಾರಿಗೂ ಕೊಡಕ್ಕೆ ಮನಸ್ಸಿಲ್ಲ."

ಬಸ್ಸು ತನ್ನ ಸ್ಟಾಪು ದಾಟಿ ಹೋದದ್ದು ಅವಳಿಗೆ ಗೊತ್ತಾಗಲಿಲ್ಲ.

ಮಗಳಿಗೆ ಹೇಳಬೇಕು ಎಂದು ಅವಳಿಗೆ ಅನ್ನಿಸದೇ ಇರಲಿಲ್ಲ. ಹೇಳಿದರೆ ಬೇಡ ಅನ್ನುತ್ತಾಳೆ ಎಂಬುದೂ ಗೊತ್ತಿತ್ತು. ಮಗಳ 'ಬೇಡ' ಕೇಳುವ ಶಕ್ತಿ ಇರಲಿಲ್ಲ. ಅವಳು ಉತ್ತರ ಬರೆದಳು. ಅವನೂ ಬರೆದ. ದುಡ್ಡಿನ ಮಾತು ಅವನು ತಕ್ಷಣ ಎತ್ತಲಿಲ್ಲ. ಅವನ ಜಾಣತನ ಇದ್ದದ್ದೇ ಅಲ್ಲಿ. "ನಿಮ್ಮ ಮಗ ಹೇಗಿದ್ದ ಅಮ್ಮಾ?" ಎಂದು ಕೇಳಿದ.

ಮಗ ಸತ್ತ ಮೇಲೆ ಈ ಮಾತನ್ನು ಅವಳನ್ನು ಯಾರೂ ಕೇಳಿರಲಿಲ್ಲ. ಏನಾಯಿತು ಎಂದು ಕೇಳಿದ್ದರು, ಯಾವ ಜ್ವರ ಎಂದಿದ್ದರು, ಆಸ್ಪತ್ರೆಗೆ ಮೊದಲೇ ಯಾಕೆ ಸೇರಿಸಲಿಲ್ಲ ಎಂದಿದ್ದರು. ಹೇಗಿದ್ದ ಎಂದು ಕೇಳಿದವರಿಲ್ಲ. ಗಂಡನ ಬಾಯಿಗೆ ಬೀಗ ಬಿದ್ದಿತ್ತು. ಮಗಳು ಅಣ್ಣನ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದಳು. ಹೀಗಿರುವಾಗ ಮುಖ ಕಾಣದ ಒಬ್ಬ ಕೇಳಿದ. ಕಟ್ಟೆ ಒಡೆಯಿತು.

ಬಸ್ಸಿನಲ್ಲಿ, ಬಟ್ಟೆ ಗಾಡಿಗಳ ಹಿಂದೆ, ಬಚ್ಚಲಲ್ಲಿ ನೀರು ಬಿಟ್ಟುಕೊಂಡು, ಅವಳು ಬರೆದಳು. ಮಗ ಹುಟ್ಟಿದಾಗ ಅಳದೆ ಎಲ್ಲರನ್ನೂ ಹೆದರಿಸಿದ್ದು. ಶಾಲೆಯಲ್ಲಿ ಮೂಕ ಎಂದುಕೊಂಡು ಟೀಚರು ಕೈಸನ್ನೆ ಮಾಡಿ ಪಾಠ ಹೇಳಿದ್ದು, ಇವನು ಅದನ್ನೂ ತಿದ್ದದೆ ವರ್ಷವಿಡೀ ಕೈಸನ್ನೆಯಲ್ಲೇ ಉತ್ತರ ಕೊಟ್ಟದ್ದು. ಅಪ್ಪನ ಏಣಿ ಜಾರಿದಾಗ ಕೆಳಗೆ ತಾನೇ ನಿಂತು ಬೆನ್ನು ಕೊಟ್ಟದ್ದು. ತನ್ನನ್ನು ಹಬೆಯಲ್ಲಿ ನಿಲ್ಲಿಸಿ ಫೋಟೋ ತೆಗೆದದ್ದು, ಆ ಫೋಟೋವನ್ನು ತಾನು ಇವತ್ತಿಗೂ ನೋಡದೇ ಇರುವುದು. ಬರೆಯುತ್ತ ಬರೆಯುತ್ತ ಅವಳಿಗೆ ಒಮ್ಮೊಮ್ಮೆ ನಗುವೂ ಬರುತ್ತಿತ್ತು. ನೆಲಮಾಳಿಗೆಯವರು "ಇಸ್ತ್ರಿಯಕ್ಕ ಸ್ವಲ್ಪ ಚೇತರಿಸ್ಕೊಂಡ್ರು" ಎಂದು ಮಾತಾಡಿಕೊಂಡರು.

ಒಂದು ದಿನ ಅವನು ಬರೆದ: "ಅಮ್ಮಾ, ಕ್ಯಾಮೆರಾದಲ್ಲಿ ಕಾರ್ಡ್ ಹಾಗೇ ಇದೆ. ಹಾಕಿ ನೋಡಿದೆ, ತಪ್ಪು ತಿಳೀಬೇಡಿ. ಹಬೆ ಮಧ್ಯೆ ಒಬ್ರು ಹೆಂಗಸು ನಿಂತಿದಾರೆ. ಅದು ನೀವೇನಾ? ಏಣಿ ಮೇಲೆ ಒಬ್ರು ಯಜಮಾನ್ರು ಇದಾರೆ. ಎಂಥಾ ಫೋಟೋ ಅಮ್ಮಾ. ನಂಗೇ ಕಣ್ಣಲ್ಲಿ ನೀರು ಬಂತು."

ಅವಳು ಅದನ್ನು ಮತ್ತೆ ಮತ್ತೆ ಓದಿದಳು.

ಆಮೇಲೆ ಅವನು ಕೇಳಿದ್ದಕ್ಕೆಲ್ಲ ಅವಳು ಹೂಂ ಎಂದಳು. ಸೈಟಿನ ಮೂಲಕ ಹೋದರೆ ಮತ್ತೆ ಹರಾಜಿಗೇ ಹಾಕಬೇಕಾಗುತ್ತದೆ, ಬೇರೆ ಯಾರೋ ಕಸಿದುಕೊಳ್ಳುತ್ತಾರೆ, ಅದಕ್ಕೇ ನೇರವಾಗಿ ತನ್ನ ಖಾತೆಗೆ ಕಳಿಸಿ ಎಂದ. ಹಲ್ಲು ಕಟ್ಟಿಸಿಕೊಳ್ಳಲು ಅವಳು ಎತ್ತಿಟ್ಟುಕೊಂಡಿದ್ದ ಹಣವಿತ್ತು. ಒಂದೇ ಬದಿಯಲ್ಲಿ ಅಗಿಯುವುದು ಅಭ್ಯಾಸವಾಗಿಹೋಗಿದೆ, ಹಲ್ಲಿಗೇನು ಅವಸರ ಎಂದುಕೊಂಡು ಅದನ್ನು ಕಳಿಸಿದಳು. ಕಳಿಸುವಾಗ ಮಗಳ ಮಾತು ಕಿವಿಯಲ್ಲಿ ಕೇಳಿಸದೇ ಇರಲಿಲ್ಲ. ಆದರೆ ಮಗಳು ಹೇಳಿದ್ದು ಅಪರಿಚಿತರ ಬಗ್ಗೆ. ಇವನು ಅಪರಿಚಿತನೇ? ಇವನಷ್ಟು ತನ್ನ ಮಗನನ್ನು ಬಲ್ಲವರು ಈಗ ಯಾರಿದ್ದಾರೆ?

ಪಾರ್ಸೆಲ್ಲಿನ ನಂಬರೊಂದು ಬಂತು. ಪಾರ್ಸೆಲ್ ಬರಲಿಲ್ಲ. ದಾರಿಯಲ್ಲಿ ತಡೆದಿದ್ದಾರೆ, ಬೆಲೆಬಾಳುವ ವಸ್ತುವಾದ್ದರಿಂದ ವಿಮೆ ಕಟ್ಟಬೇಕಂತೆ ಎಂದ. ಸಂಬಳ ಬಂದ ದಿನ ಅದನ್ನೂ ಕಟ್ಟಿದಳು. ಬಾಗಿಲ ಹಿಂದಿನ ಮೊಳೆ ಸಡಿಲವಾಗಿದೆಯೇ ಎಂದು ಎಳೆದು ನೋಡಿದಳು. ಕೆಲಸಕ್ಕೆ ಹೋಗುವಾಗ ಪಕ್ಕದ ಮನೆಯವರಿಗೆ, "ಒಂದು ಪಾರ್ಸೆಲ್ ಬರುತ್ತೆ, ಹುಷಾರಾಗಿ ಇಸ್ಕೊಂಡಿಡಿ, ಬೀಳಿಸ್ಬೇಡಿ" ಎಂದು ಹೇಳಿ ಹೋಗತೊಡಗಿದಳು. ಆಮೇಲೆ ಅವನಿಂದ ಉತ್ತರ ಬರುವುದು ನಿಂತಿತು.

ಹೀಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ ಅಮ್ಮನನ್ನು ನೋಡಿ ಮಗಳಿಗೆ ಅನುಮಾನ ಬಂತು. "ಯಾವ ಪಾರ್ಸೆಲ್ ಅಮ್ಮ?" ಎಂದಳು. ಅಮ್ಮ ಫೋನನ್ನೇ ಕೈಗಿಟ್ಟಳು. ಮಗಳು ನಿಂತಲ್ಲೇ ಓದಿದಳು. ಓದುತ್ತ ಕೂತಳು. ಪೂರ್ತಿ ಓದಿ ಮುಗಿಸಿದಳು.

"ಅವನ ಹತ್ರ ಕಾರ್ಡ್ ಇದೆ ಕಣೇ" ಎಂದಳು ಅಮ್ಮ. "ನನ್ನ ಫೋಟೋ ನೋಡಿದಾನೆ. ಸುಳ್ಳಾದ್ರೆ ಹೆಂಗೆ ಗೊತ್ತಾಗುತ್ತೆ?"

ಮಗಳು ಪರದೆಯನ್ನು ಮೇಲಕ್ಕೆ ಸರಿಸಿ ತೋರಿಸಿದಳು. "ಇಲ್ನೋಡು. ಹಬೆ ಅಂತ ಮೊದ್ಲು ಬರೆದೋಳು ನೀನು. ಏಣಿ ಅಂತ ಬರೆದೋಳೂ ನೀನೇ. ನೀನು ಹೇಳಿದ್ದನ್ನೇ ಮೂರು ದಿನ ಬಿಟ್ಟು ನಿಂಗೇ ವಾಪಸ್ ಹೇಳಿದಾನೆ ಅಮ್ಮ. ಅವನ ಹತ್ರ ಏನೂ ಇಲ್ಲ."

ಇಸ್ತ್ರಿಯಕ್ಕ ತನ್ನದೇ ಅಕ್ಷರಗಳನ್ನು ನೋಡಿದಳು. ಆಮೇಲೆ ಅವನವನ್ನು ನೋಡಿದಳು. ಯಾವುದು ಯಾರದು ಎಂದು ಬಿಡಿಸುವುದೇ ಕಷ್ಟವಾಗಿತ್ತು.

ಮುಂದಿನ ದಿನಗಳು ಕಚೇರಿಗಳಲ್ಲಿ ಕಳೆದವು. ಬ್ಯಾಂಕಿನ ಕಿಟಕಿಯ ಹಿಂದಿನ ಹುಡುಗಿ ಮೃದುವಾಗಿಯೇ, "ನೀವೇ ಕಳಿಸಿದ್ದಲ್ವಾ ಅಮ್ಮ? ಆ ಖಾತೆ ಈಗ ಖಾಲಿ ಇದೆ" ಎಂದಳು. ಸೈಟಿನವರು ವಿಷಾದ ತಿಳಿಸಿದರು. ವ್ಯವಹಾರ ತಮ್ಮ ಅಂಗಳದ ಹೊರಗೆ ನಡೆದಿದ್ದರಿಂದ ಏನೂ ಮಾಡಲಾಗದು ಎಂದರು. ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಂಡವನು ತಲೆಯೆತ್ತಿ, "ಇವತ್ತು ಬೆಳಿಗ್ಗೆಯಿಂದ ಇಂಥವೇ ಬರ್ತಿವೆ. ಟೋಪಿ ಹಾಕೋರು ಹಾಕ್ತಾನೇ ಇರ್ತಾರೆ, ನೀವು ಹಾಕಿಸ್ಕೊಂತಾನೇ ಇರ್ತೀರಿ" ಎಂದ. ಬೈದದ್ದಲ್ಲ, ಅವನಿಗೂ ಸುಸ್ತಾಗಿತ್ತು.

ಮಗಳು ಸುಮ್ಮನೆ ಕೂರುವವಳಲ್ಲ. ನಿಜವಾದ ಡೀಲರನಿಗೆ ಎಲ್ಲ ವಿವರ ಬರೆದಳು. ಅವನು ಗಾಬರಿಯಾಗಿ ಫೋನನ್ನೇ ಮಾಡಿದ. "ನಾನು ನಿಮಗೆ ಯಾವ ಮೆಸೇಜೂ ಕಳಿಸಿಲ್ಲಮ್ಮ. ಗೆದ್ದೋರು ಅವತ್ತೇ ದುಡ್ಡು ಕಟ್ಟಿದ್ರು, ಕ್ಯಾಮೆರಾ ಅವರ ಕೈ ಸೇರಾಯ್ತು. ಕಾರ್ಡಾ? ಒಳಗಿತ್ತು ಅನ್ಸುತ್ತೆ, ನಾನು ತೆಗ್ದಿಲ್ಲ." ಕೊಂಡವರ ವಿಳಾಸ ಕೊಡುವಂತಿಲ್ಲ, ಆದರೆ ನೀವು ಏನಾದರೂ ಬರೆದು ಕೊಟ್ಟರೆ ತಲುಪಿಸುತ್ತೇನೆ ಎಂದ.

ಮನೆಯೊಳಗೆ ಬಹಳ ದಿನಗಳ ಮೇಲೆ ಸ್ವಲ್ಪ ಗಾಳಿ ಆಡಿದಂತಾಯಿತು. ಅಮ್ಮ ಮಗಳು ಮೇಜಿನ ಮುಂದೆ ಕೂತರು. "ಕ್ಯಾಮೆರಾನೂ ಬೇಡ ಅನ್ನು" ಎಂದಳು ಅಮ್ಮ. "ಅವರೇ ಇಟ್ಕೊಳ್ಲಿ. ಫೋಟೋ ಮಾತ್ರ ಕಳಿಸಿದ್ರೆ ಸಾಕು. ಒಂದು, ಎರಡು, ಎಷ್ಟಿದ್ರೂ ಸರಿ." ಮಗಳು ಹಾಗೆಯೇ ಬರೆದಳು. ಒಳಕೋಣೆಯ ಬಾಗಿಲಲ್ಲಿ ಗಂಡ ಬಂದು ನಿಂತಿದ್ದ. ಪಟ್ಟಿಯ ಹೊಲಿಗೆಯ ವಿಷಯ ಮರೆಯಬೇಡಿ ಎಂದು ಅಷ್ಟೇ ಹೇಳಿದ.

ಕೊಂಡವರ ಉತ್ತರ ಬೇಗನೆ ಬಂತು. ಮಗಳು ಓದಿ, ಫೋನನ್ನು ಬೋರಲು ಹಾಕಿದಳು. ಅಮ್ಮ ಅದನ್ನು ತಿರುಗಿಸಿ ತಾನೇ ಓದಿದಳು.

"ನೀವು ಯಾರೋ ಗೊತ್ತಿಲ್ಲ. ಈ ಕಥೆ ನಾನು ಈ ವಾರ ಇನ್ನೂ ಎರಡು ಕಡೆ ಓದಿದ್ದೇನೆ. ಮಾತಾಡದ ಮಗ, ಫೋಟೋದಲ್ಲೇ ಮಾತಾಡುತ್ತಿದ್ದ, ಪಟ್ಟಿ ಹೊಲಿದ ತಾಯಿ, ಒಂದಕ್ಷರ ವ್ಯತ್ಯಾಸವಿಲ್ಲ. ಒಂದು ಕಡೆ ಕ್ಯಾಮೆರಾ ಮೊದಲು ಕಳಿಸಿ, ದುಡ್ಡು ಆಮೇಲೆ ಅಂತ ಕೇಳಿದ್ದಾರೆ. ಕೊಟ್ಟವರು ಕೈ ಸುಟ್ಟುಕೊಂಡಿದ್ದಾರೆ. ಸತ್ತ ಮಗನ ಹೆಸರಲ್ಲಿ ಇಂಥ ಕೆಲಸ ಮಾಡಬೇಡಿ. ಆ ಕಾರ್ಡನ್ನು ಕ್ಯಾಮೆರಾ ಬಂದ ದಿನವೇ ಅಳಿಸಿ ನಾನು ಬಳಸುತ್ತಿದ್ದೇನೆ. ಮತ್ತೆ ಬರೆದರೆ ದೂರು ಕೊಡುತ್ತೇನೆ."

ಮಗಳು ಹುಡುಕಿ ನೋಡಿದಳು. ನಿಜವೇ. ಬೇರೆ ಬೇರೆ ಊರಿನವರು ಮಾರಾಟಕ್ಕಿಟ್ಟ ಕ್ಯಾಮೆರಾಗಳ ಕೆಳಗೆ, ಬೇರೆ ಬೇರೆ ಹೆಸರಿನಲ್ಲಿ, ಇಸ್ತ್ರಿಯಕ್ಕನ ಮಗ ಮತ್ತೆ ಮತ್ತೆ ಸತ್ತಿದ್ದ. ಹುಟ್ಟಿದಾಗ ಅಳದವನು, ಶಾಲೆಯಲ್ಲಿ ಕೈಸನ್ನೆ ಮಾಡಿದವನು, ಅಪ್ಪನ ಏಣಿಗೆ ಬೆನ್ನು ಕೊಟ್ಟವನು. ಅವಳು ಬಸ್ಸಿನಲ್ಲಿ ಕೂತು ಬರೆದದ್ದೆಲ್ಲ ಅಲ್ಲಿತ್ತು. ಕೆಳಗೆ ಕೆಲವರು 'ಅಯ್ಯೋ ಪಾಪ' ಎಂದು ಬರೆದಿದ್ದರು. ಅವರ ಕೆಳಗೆ ಹಲವರು 'ಎಚ್ಚರ, ಇದು ಮೋಸ' ಎಂದು ಬರೆದಿದ್ದರು.

"ನಾವೇ ನಿಜವಾದೋರು ಅಂತ ತೋರಿಸ್ತೀನಿ" ಎಂದು ಮಗಳು ಕಪಾಟು ಕೆದಕಿದಳು. ಕ್ಯಾಮೆರಾ ಹಳೆಯದನ್ನೇ ಕೊಂಡದ್ದು, ಬಿಲ್ಲಿರಲಿಲ್ಲ. ಅದನ್ನು ಕುತ್ತಿಗೆಗೆ ಹಾಕಿಕೊಂಡ ಅಣ್ಣನ ಒಂದು ಫೋಟೋ ಸಿಕ್ಕರೂ ಸಾಕಿತ್ತು. ಆದರೆ ಯಾವಾಗಲೂ ಕ್ಯಾಮೆರಾ ಹಿಡಿದಿರುತ್ತಿದ್ದವನ ಫೋಟೋವನ್ನು ಯಾರು ತೆಗೆದಾರು? ಇದ್ದದ್ದು ಗೋದಾಮಿನ ಗುರುತಿನ ಚೀಟಿಯಲ್ಲಿದ್ದ ಬೆಚ್ಚಿದ ಮುಖವೊಂದೇ. ಡೀಲರನ ಮೂಲಕ ಕೊಂಡವರಿಗೆ ಅದನ್ನೇ ಕಳಿಸಿದಳು. ಎರಡು ದಿನಕ್ಕೆ ಅವಳ ಖಾತೆಯನ್ನೇ ಸೈಟಿನವರು ಮುಚ್ಚಿದರು. ವಂಚನೆಯ ದೂರು ಬಂದಿದೆ ಎಂಬುದು ಕಾರಣ.

ಅಂದು ಸಂಜೆ ಗಂಡ ಹೆಂಡತಿಯ ಪಕ್ಕ ಬಂದು ಕೂತ. ಅವನ ಹುಬ್ಬಿನ ಮೇಲೆ ಒಣಗಿದ ಬಿಳಿ ಬಣ್ಣವಿತ್ತು. ಕೈ ಎಲ್ಲಿಡಬೇಕೆಂದು ತಿಳಿಯದೆ ಮಂಡಿಯ ಮೇಲೆ ಇಟ್ಟುಕೊಂಡ.

"ಎಲ್ಲ ನನ್ನಿಂದಾನೇ ಆಗಿದ್ದು" ಎಂದ. "ನಾನು ಆ ಊರಿಗೆ ಹೋಗಿ ಡೀಲರ್ ಕಾಲಿಗಾದ್ರೂ ಬೀಳ್ತೀನಿ."

"ಬೇಡ ಬಿಡಿ. ಅಳಿಸಿದ್ದು ಅಳಿಸಾಯ್ತು. ನಂಬೋದೂ ಇಲ್ಲ ಯಾರೂ."

ಮಗ ಹೋದ ಮೇಲೆ ಮೊದಲ ಸಲ ಅವನು ತಾನಾಗಿ ಮಗನ ಮಾತೆತ್ತಿದ. "ಒಂದ್ಸಲ ಏಣಿ ಜಾರ್ತು ನೋಡು, ಆಗ ಅವನು ಓಡಿ ಬಂದು..."

ಈ ಒಂದು ಮಾತಿಗಾಗಿ ಅವಳು ಎಷ್ಟು ಕಾಲದಿಂದ ಹಾತೊರೆದಿದ್ದಳೋ. ಆದರೆ ಈಗ ಅವಳಿಗೆ ಕೇಳಿಸಿದ್ದು ಗಂಡನ ದನಿಯಲ್ಲ. ಪರದೆಯ ಮೇಲಿನ ಸಾಲು ಕಂಡಿತು, ಕೆಳಗೆ 'ಎಚ್ಚರ, ಇದು ಮೋಸ' ಎಂಬುದೂ ಕಂಡಿತು.

"ಹೇಳ್ಬೇಡಿ" ಎಂದು ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. "ದಮ್ಮಯ್ಯ, ಅದನ್ನ ಮಾತ್ರ ಹೇಳ್ಬೇಡಿ."

ಅವನು ಎದ್ದು ಹೋಗಿ ಒಳಕೋಣೆಯ ಗೋಡೆಗೆ ಮುಖ ಮಾಡಿ ಮಲಗಿದ. ಮತ್ತೆ ಆ ವಿಷಯ ಎತ್ತಲಿಲ್ಲ.

ಆಮೇಲೂ ಅವಳು ಕೆಲವು ಸಲ ಆ ಮೋಸಗಾರನ ನಂಬರಿಗೆ ಬರೆದಳು. ದುಡ್ಡು ಕೇಳಲಿಲ್ಲ. 'ದುಡ್ಡು ನೀನೇ ಇಟ್ಕೋ. ನನ್ನ ಮಗನ ವಿಷಯ ಬೇರೆಯವರಿಗೆ ಹೇಳ್ಬೇಡ' ಎಂದಷ್ಟೇ. ಸಂದೇಶ ಅವನಿಗೆ ತಲುಪಿದ ಗುರುತು ಒಮ್ಮೆಯೂ ಬೀಳಲಿಲ್ಲ. ಮಗಳು ಅದನ್ನು ಕಂಡು ಆ ನಂಬರನ್ನು ಫೋನಿನಿಂದ ತೆಗೆದುಹಾಕಿದಳು.

ನೆಲಮಾಳಿಗೆಗೆ ಹೊಸದಾಗಿ ಒಬ್ಬ ಹೆಂಗಸು ಕೆಲಸಕ್ಕೆ ಸೇರಿದಳು. ಯಂತ್ರದ ಆಚೆ ಬದಿಯಲ್ಲಿ ನಿಂತು, ಹೊರಬಂದ ಹಾಸನ್ನು ಮಡಿಚುವ ಕೆಲಸ. ಬಾಯಿ ಸುಮ್ಮನಿರದವಳು. ಊರು ಯಾವುದು, ಬಸ್ಸು ಯಾವುದು ಎಂದೆಲ್ಲ ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಕೇಳಿದಳು.

"ಮಕ್ಕಳೆಷ್ಟು ಅಕ್ಕ?"

ಇಸ್ತ್ರಿಯಕ್ಕನ ಕೈ ಒದ್ದೆ ಹಾಸಿನ ತುದಿಯನ್ನು ಹಿಡಿದು ನಿಂತಿತು. ಹೇಳಲು ಹೊರಟರೆ ಬಾಯಿಗೆ ಬರುವುದು ಆ ಸಾಲುಗಳೇ. ಅವು ಈಗ ಅವಳವಾಗಿ ಉಳಿದಿರಲಿಲ್ಲ. ಬೇರೆ ಮಾತು ಅವಳ ಬಳಿ ಇರಲಿಲ್ಲ.

"ಒಬ್ಬಳು ಮಗಳು" ಎಂದಳು.

"ಒಳ್ಳೇದಾಯ್ತು ಬಿಡಿ. ಒಂದೇ ಆದ್ರೆ ತಲೆನೋವು ಕಮ್ಮಿ."

"ಹೂಂ" ಎಂದಳು ಇಸ್ತ್ರಿಯಕ್ಕ. ತುದಿಗಳನ್ನು ಸರಿಸಮ ಹಿಡಿದು ಹಾಸನ್ನು ಉರುಳೆಗಳ ಬಾಯಿಗೆ ಕೊಟ್ಟಳು. ಅದು ಒಳಗೆ ಹೋಯಿತು. ಹಬೆ ಎದ್ದಿತು. ಗುಡ್ಡೆಯಿಂದ ಇನ್ನೊಂದನ್ನು ಎಳೆದುಕೊಂಡಳು.